ಹೂಂಗುಟ್ಟುವ ಲೈಬ್ರರಿ

ಸಾಗರದ ಬಟ್ಟೆ ಅಂಗಡಿಯೊಂದರ ಮಹಡಿ ಮೇಲೆ ನಮ್ಮ ಪುಟ್ಟ ಆಫೀಸು. ಅಡಿಕೆ ಟೆಂಡರಿನ ಸಾಫ್ಟ್‌ವೇರ್ ನಮ್ಮದು. ಅದರ ಒಂದೊಂದು ಕೆಲಸವೂ ಕಂಟೇನರ್ ಎಂಬ ಒಂದೊಂದು ಬೇರೆ ಡಬ್ಬಿಯೊಳಗೆ ಓಡುತ್ತದೆ; ಅವನ್ನೆಲ್ಲ ಮೇಯಿಸಲು, ಸತ್ತದ್ದನ್ನು ಎಬ್ಬಿಸಲು ಮೇಲೊಂದು ಸಾಫ್ಟ್‌ವೇರ್ ಇದೆ. ಅದರೊಡನೆ ಮಾತಾಡಲು ಎಲ್ಲರೂ ಬಳಸುವ ದೊಡ್ಡ ಲೈಬ್ರರಿ, ಅಂದರೆ ಸಿದ್ಧ ಕೋಡಿನ ಗಂಟು, ಹೊಸನಗರದ ಅಡಿಕೆ ಗೋದಾಮಿನ ಹಳೇ ಕಂಪ್ಯೂಟರಿಗೆ ಭಾರವಾಯಿತು. ಒಂದು ಲೋಟ ಕಾಫಿಗೆ ಮದುವೆಮನೆಯ ಹಂಡೆ ಯಾಕೆ ಎಂದು ನಾನೇ ಒಂದು ಚಿಕ್ಕ ಲೈಬ್ರರಿ ಬರೆದೆ. ಹೇಗಿದ್ದೀರಿ ಎಂದು ಒಮ್ಮೆ ಕೇಳುವುದು, ಆಮೇಲೆ ಏನಾದರೂ ಕೆಟ್ಟರೆ ಬರುವ ಸುದ್ದಿಗೆ ಕಿವಿಗೊಟ್ಟು ಕೂರುವುದು, ಇಷ್ಟೇ ಅದಕ್ಕೆ ಗೊತ್ತು. ಎಲ್ಲ ಸರಿಯಿದ್ದರೆ ಗೋದಾಮಿನ ಪರದೆಯಲ್ಲಿ ಹಸಿರು ದೀಪ, ಕೆಟ್ಟರೆ ಕೆಂಪು. ಅದರ ಮೇಲೆ ನನಗೆ ವಿಪರೀತ ಮುದ್ದು.

ಟೆಂಡರಿನ ತಾಲೀಮಿನ ದಿನ ದರ ಸ್ವೀಕರಿಸುವ ಕಂಟೇನರ್ ಸತ್ತು ಬಿದ್ದಿತ್ತು. ಹೊಸನಗರದಲ್ಲಿ ಮಾತ್ರ ಹಸಿರು ದೀಪ ಉರಿಯುತ್ತಲೇ ಇತ್ತು. ಟೆಂಡರಿನಲ್ಲೂ ಹೀಗಾದರೆ ನಿನ್ನದನ್ನು ಕಿತ್ತುಹಾಕಿ ದೊಡ್ಡದನ್ನೇ ತರುತ್ತೇನೆ ಎಂದರು ನಮ್ಮ ಯಜಮಾನರು. ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಕುತೂಹಲ. ಎಷ್ಟು ಹುಡುಕಿದರೂ ಕೋಡಿನಲ್ಲಿ ತಪ್ಪು ಸಿಗಲಿಲ್ಲ.

ಸಂಜೆ ಮನೆಗೆ ಬಂದರೆ ಮಗಳು ಫೋನ್ ಕೆಳಗಿಟ್ಟು ಆಡುತ್ತಿದ್ದಳು. ಅರಳಸುರಳಿಯಿಂದ ನನ್ನಮ್ಮ ದಿನಾ ಅವಳಿಗೆ ಫೋನಿನಲ್ಲೇ ಕತೆ ಹೇಳುತ್ತಾಳೆ. ಅಂದು ಸಿಗ್ನಲ್ ಹೋಗಿ ಕರೆ ಕಡಿದಿತ್ತು. ನಾನು ತಿರುಗಿ ಮಾಡಿದಾಗ ರಿಂಗು ಕಿವಿಗೇ ಬಡಿದು ಅಮ್ಮ ಬೆಚ್ಚಿಬಿದ್ದಳಂತೆ. ಅಷ್ಟೊತ್ತಿಗೆ ಅವಳು ಸತ್ತ ಫೋನಿಗೇ ಕತೆ ಹೇಳುತ್ತಾ ಹುಲಿಗೆ ಹೊಳೆ ದಾಟಿಸಿಯಾಗಿತ್ತು.

“ಮಗು ಸುಮ್ನೆ ಕೇಳ್ತಾ ಇದೆ ಅಂತ ಮಾಡಿದ್ದೆ. ಇನ್ಮೇಲೆ ಹೂಂ ಅನ್ನದಿದ್ರೆ ನಾ ಮುಂದೆ ಹೇಳಾದಿಲ್ಲ” ಎಂದಳು.

ನಾನು ನಗುತ್ತಾ ನಗುತ್ತಾ ತಟ್ಟನೆ ನಿಲ್ಲಿಸಿದೆ. ನನ್ನ ಲೈಬ್ರರಿ ಮಾಡಿದ್ದೂ ಇದನ್ನೇ ಅಲ್ಲವೇ? ಹೊಸನಗರದ ಇಂಟರ್ನೆಟ್ ಲೈನ್ ಸದ್ದಿಲ್ಲದೆ ಕಡಿದಿತ್ತು. ಸುದ್ದಿ ಬರಲಿಲ್ಲವಾದ್ದರಿಂದ ಎಲ್ಲ ಕ್ಷೇಮ ಎಂದುಕೊಂಡು ಅದು ಕೂತೇ ಇತ್ತು. ಮರುದಿನ ಅದಕ್ಕೆ ಹೊಸ ಅಭ್ಯಾಸ ಕಲಿಸಿದೆ: ಸ್ವಲ್ಪ ಹೊತ್ತು ಏನೂ ಕೇಳಿಸದಿದ್ದರೆ ಹಳೇ ಲೈನ್ ಬಿಟ್ಟು ಮತ್ತೆ ಮೊದಲಿಂದ ವಿಚಾರಿಸಬೇಕು. ಉತ್ತರ ಬರುವವರೆಗೆ ದೀಪ ಹಳದಿ.

ನಿಜವಾದ ಟೆಂಡರಿನ ನಡುವೆಯೇ ಹೊಸನಗರದ ಲೈನ್ ಹೋಯಿತು. ದೀಪ ಹಳದಿಯಾಗಿದೆ ಎಂದು ಅಲ್ಲಿಂದ ಫೋನ್ ಬಂತು. ಯಜಮಾನರು ಬಂದು ನನ್ನ ಕುರ್ಚಿಯ ಹಿಂದೆ ನಿಂತರು. ಲೈನ್ ಮರಳಿತು, ಲೈಬ್ರರಿ ತಾನೇ ಮತ್ತೆ ವಿಚಾರಿಸಿತು, ಹಸಿರಾಯಿತು.

“ಗೊತ್ತಿಲ್ಲ ಅಂತಾದ್ರೂ ಹೇಳ್ತದಲ್ಲ. ಇರ್ಲಿ ಬಿಡು” ಎಂದು ಅವರು ಹೊರಟುಹೋದರು.

ಸಂಜೆ ಅಮ್ಮನಿಗೆ ಫೋನ್ ಮಾಡಿ ಕಂಟೇನರಿನಿಂದ ಹಿಡಿದು ಎಲ್ಲವನ್ನೂ ಒದರತೊಡಗಿದೆ. ಹಳದಿ ದೀಪದವರೆಗೆ ಬರುವಷ್ಟರಲ್ಲಿ ಆ ಕಡೆ ಸದ್ದೇ ಇಲ್ಲ. ಮಾತು ನಿಲ್ಲಿಸಿ ಕಾದೆ.

“ಹೂಂ” ಎಂದಳು ಅಮ್ಮ. “ಆಮೇಲೆ ಹಸಿರಾಯ್ತಾ?”