ಸುಗುಣಕ್ಕ ಕೇಳಿ ಪಡೆದ ಸೇತುವೆ

ಕೊರೊನಾ ಮುಗಿದು ಬಸ್ಸುಗಳು ಮತ್ತೆ ತುಂಬಿ ಓಡತೊಡಗಿದ ವರ್ಷ, ನಾನು ಬಂಟ್ವಾಳದಲ್ಲಿ ಸೇತುವೆ ಕಾಮಗಾರಿಗಳ ಇಂಜಿನಿಯರ್ ಆಗಿದ್ದೆ. ನಿವೃತ್ತಿ ಹತ್ತಿರವಿತ್ತು. ನನ್ನ ಕೈಯಿಂದ ಆದ ಕೆಲಸಗಳಲ್ಲಿ ಅತ್ಯಂತ ಒಳ್ಳೆಯದು ಯಾವುದೆಂದು ಕೇಳಿದರೆ ಇವತ್ತಿಗೂ ಈ ಸೇತುವೆಯನ್ನೇ ಹೇಳುತ್ತೇನೆ. ಅದಕ್ಕೇ ಅದರ ಕಥೆ ಹೇಳಲು ನನಗೆ ಇಷ್ಟವಿಲ್ಲ.

ಮೂಡುಬಿದಿರೆಯಿಂದ ಬೆಳ್ತಂಗಡಿಗೆ ಹೋಗುವ ಒಂದು ಒಳರಸ್ತೆಯಲ್ಲಿ ಹಳೆಯ ಮುಳುಗು ಸೇತುವೆ ಇತ್ತು. ಹೊಳೆಗೆ ತಾಗಿದಂತೆ ತಗ್ಗಿನಲ್ಲಿ ಕಟ್ಟಿದ್ದು. ಜೋರು ಮಳೆ ಬಂದರೆ ನೀರು ಅದರ ಮೇಲೆಯೇ ಹರಿಯುತ್ತಿತ್ತು. ಬೇಸಿಗೆಯಲ್ಲೂ ಒಂದೇ ವಾಹನಕ್ಕೆ ಜಾಗ. ಆಚೆಯ ಬಸ್ಸು ದಾಟುವವರೆಗೆ ಈಚೆಯದು ಕಾಯಬೇಕು. ಕಾಯುವವರೆಲ್ಲ ಈಚೆ ದಡದ ಸುಗುಣಕ್ಕನ ಹೋಟೆಲಿಗೆ ನುಗ್ಗುತ್ತಿದ್ದರು. ಗೋಳಿಬಜೆ, ಬನ್ಸ್, ಚಾ. ಧರ್ಮಸ್ಥಳಕ್ಕೆ ಹೋಗುವ ಯಾತ್ರಿಕರೂ ಅಲ್ಲಿ ಹೊಟ್ಟೆ ತುಂಬಿಸಿಕೊಂಡೇ ಮುಂದೆ ಹೋಗುತ್ತಿದ್ದರು.

ಒಂದು ಮಳೆಗಾಲ ಸುಗುಣಕ್ಕನ ಗಂಡನಿಗೆ ಎದೆನೋವು ಬಂತು. ಆಂಬುಲೆನ್ಸ್ ಬಂದದ್ದು ಆಚೆ ದಡಕ್ಕೆ. ನೀರು ಇಳಿಯುವಷ್ಟರಲ್ಲಿ ಅವರ ಉಸಿರು ನಿಂತಿತ್ತು. ಉತ್ತರಕ್ರಿಯೆ ಮುಗಿಸಿದ ಮೇಲೆ ಸುಗುಣಕ್ಕ ಊರವರನ್ನು ಕರೆದುಕೊಂಡು ನಮ್ಮ ಕಚೇರಿಗೆ ಬಂದರು.

"ಹೋದವರು ಹೋದರು ಸಾರ್. ಇನ್ನೊಬ್ಬರಿಗೆ ಹೀಗೆ ಆಗ್ಬಾರ್ದು. ಸೇತುವೆ ಆಗುವವರೆಗೆ ನಾನು ಬರ್ತಾ ಇರ್ತೇನೆ, ನೀವು ಬೈದ್ರೂ ಬರ್ತೇನೆ."

ಬಂದರು ಕೂಡ. ಹೋಟೆಲ್ ಮುಚ್ಚಿ ಬಂದರು. ಅವರ ಕಾಟಕ್ಕೇ ಫೈಲು ಅಲುಗಾಡಿತು ಎಂದರೆ ತಪ್ಪಿಲ್ಲ.

ಅಗ್ಗದ ದಾರಿ ಒಂದಿತ್ತು: ಮಣ್ಣು ತುಂಬಿಸಿ ಎತ್ತರಿಸಿ, ಕೆಳಗೆ ನಾಲ್ಕು ಪೈಪು ಹಾಕಿ ಕೈತೊಳೆದುಕೊಳ್ಳುವುದು. ಪೈಪಿಗೆ ಕಸ ಕಟ್ಟುತ್ತದೆ, ನೀರು ಪಕ್ಕದ ಗದ್ದೆಗೆ ನುಗ್ಗುತ್ತದೆ, ಮಣ್ಣು ಕೊಚ್ಚಿ ಹೋಗುತ್ತದೆ, ಮತ್ತೆ ಟೆಂಡರ್. ನಾನು ಹಟ ಹಿಡಿದೆ. ಹೊಳೆಗೆ ಪೂರ್ತಿ ಅಗಲ ಬಿಟ್ಟು ಎತ್ತರದ ಕಂಬಗಳು, ಇಳಿಜಾರಿನಲ್ಲಿ ಮಣ್ಣು ಹಿಡಿಯಲು ಲಾವಂಚ, ದಡದ ದೊಡ್ಡ ಮರಗಳಿಗೆ ಪೆಟ್ಟಾಗದಂತೆ ಸ್ವಲ್ಪ ಮೇಲ್ಗಡೆ ಹೊಸ ದಾರಿ. ಕಟ್ಟಲು ಖರ್ಚು ಹೆಚ್ಚು. ಆದರೆ ಲೈಫ್ ಸೈಕಲ್ ಕಾಸ್ಟ್, ಅಂದರೆ ಸೇತುವೆಯ ಇಡೀ ಆಯುಷ್ಯಕ್ಕೆ ತಗಲುವ ಖರ್ಚು, ಕಡಿಮೆ. ಜೊತೆಗೆ ಪ್ರಯಾಣಿಕರಿಗೆ ಉಳಿಯುವ ಸಮಯವನ್ನೂ ನಾವು ಹಣವಾಗಿ ಲೆಕ್ಕ ಹಾಕಿ ಲಾಭಕ್ಕೆ ಸೇರಿಸುತ್ತೇವೆ. ಆ ಲಾಭ ತೋರಿಸಿಯೇ ಮಂಜೂರು ಮಾಡಿಸಿದೆ.

ಉದ್ಘಾಟನೆಯ ದಿನ ಎಲ್ಲರಿಗೂ ಸುಗುಣಕ್ಕನದೇ ಊಟ. ಬಡಿಸುತ್ತಾ ಅತ್ತರು, ನಕ್ಕರು. ಮರುದಿನದಿಂದ ಒಂದು ಬಸ್ಸೂ ನಿಲ್ಲಲಿಲ್ಲ. ನಿಲ್ಲುವ ಅಗತ್ಯವೇನಿತ್ತು? ಹೋಟೆಲು ಕೆಳಗೆ ಹಳೆಯ ರಸ್ತೆಯಲ್ಲಿ ಉಳಿಯಿತು. ಅವರ ಕೈಯ ಬನ್ಸ್ ತಿಂದು ಬೆಳೆದ ಡ್ರೈವರುಗಳೇ ಮೇಲಿನಿಂದ ಒಂದು ಹಾರನ್ ಬಾರಿಸಿ ಹಾರಿ ಹೋಗುತ್ತಿದ್ದರು.

ಕೆಲವು ತಿಂಗಳ ಬಳಿಕ ಅವರು ಮತ್ತೆ ಕಚೇರಿಗೆ ಬಂದರು, ಈ ಸಲ ಒಬ್ಬರೇ.

"ಸೇತುವೆಯ ಬುಡದಲ್ಲಿ ಬಸ್ ನಿಲ್ಲಿಸ್ಲಿಕ್ಕೆ ಒಂದು ಜಾಗ ಮಾಡಿಕೊಡಿ ಸಾರ್."

"ಅದು ತಿರುವು ಅಕ್ಕ. ಅಲ್ಲಿ ಬಸ್ ನಿಂತ್ರೆ ಹಿಂದಿನಿಂದ ಬಂದವ ಬಡೀತಾನೆ. ಆಗುವುದಿಲ್ಲ. ಬೇರೆ ಕಡೆ ಹೋಟೆಲ್ ಇಡಿ."

"ಬೇರೆ ಕಡೆ ಜನ ಯಾಕೆ ನಿಲ್ತಾರೆ ಸಾರ್? ಇಲ್ಲಿ ಹೊಳೆ ನಿಲ್ಲಿಸ್ತಾ ಇತ್ತು."

ನನಗೆ ಸಿಟ್ಟು ಬಂತು. ಬೇಕು ಬೇಕು ಎಂದು ಪ್ರಾಣ ತಿಂದು ಕಟ್ಟಿಸಿಕೊಂಡವರೇ ಈಗ ಹೀಗೆ ಮುಖ ಸಣ್ಣ ಮಾಡಿ ನಿಂತರೆ ಏನು ಮಾಡುವುದು? ಅವರು ಹೋದ ಮೇಲೆ ಸಹೋದ್ಯೋಗಿಯೊಬ್ಬರು ನಕ್ಕರು: "ಅಕ್ಕನಿಗೆ ಪುನಃ ನೆರೆ ಬರ್ಬೇಕು ಮಾರಾಯ್ರೆ!" ನಾನೂ ನಕ್ಕೆ. ಅದೇ ಮಳೆಗಾಲ ಹೋಟೆಲಿಗೆ ಬೀಗ ಬಿತ್ತು.

ಸೇತುವೆಯಿಂದ ಆದ ಲಾಭದ ಸಮೀಕ್ಷೆಗೆಂದು ಮುಂದಿನ ವರ್ಷ ಕಿರಿಯ ಇಂಜಿನಿಯರ್ ಒಬ್ಬಳ ಜೊತೆ ಬೆಳಗಿನ ಬಸ್ಸು ಹತ್ತಿದೆ. ದಿನಾ ಓಡಾಡುವವರನ್ನು ಅವಳು ಮಾತಾಡಿಸುತ್ತಿದ್ದಳು. ಕಿಟಕಿಯ ಬಳಿ ಸುಗುಣಕ್ಕ ಕೂತಿದ್ದರು. ಅವರು ಯಾರೆಂದು ಹುಡುಗಿಗೆ ಗೊತ್ತಿಲ್ಲ.

"ಎಲ್ಲಿಗೆ ಹೋಗ್ತೀರಿ ಅಕ್ಕ?"

"ಬೆಳ್ತಂಗಡಿಗೆ. ಲಾಡ್ಜಿನಲ್ಲಿ ಬೆಡ್‌ಶೀಟ್ ಒಗೀಲಿಕ್ಕೆ."

"ಸೇತುವೆಯಿಂದ ನಿಮಗೆ ಪ್ರಯೋಜನ ಆಗಿದೆಯಾ?"

ಸುಗುಣಕ್ಕ ನನ್ನನ್ನು ನೋಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಆಗಿದೆ. ತಡ ಆದ್ರೆ ಅಲ್ಲಿ ಅರ್ಧ ದಿನದ ಸಂಬಳ ಹಿಡೀತಾರೆ. ಈಗ ತಡ ಆಗುವುದೇ ಇಲ್ಲ. ಸುಳ್ಳು ಯಾಕೆ ಹೇಳ್ಬೇಕು, ಬರ್ಕೊಳ್ಳಿ."

ಕೆಟ್ಟ ಸೇತುವೆಯಿಂದ ಹಾಳಾದವರು ನಮ್ಮ ಕಚೇರಿಗೆ ಬಂದು ಕೂಗಾಡಬಹುದು, ಪೇಪರಿಗೆ ಹೋಗಬಹುದು. ಒಳ್ಳೆಯ ಸೇತುವೆಯಿಂದ ಹಾಳಾದವರ ದೂರು ತೆಗೆದುಕೊಳ್ಳುವವರು ಯಾರೂ ಇಲ್ಲ. ನನ್ನ ವೃತ್ತಿ ನನಗೆ ಕಲಿಸಿದ್ದು ಇಷ್ಟೇ, ಕಲಿತದ್ದರಿಂದ ಯಾರಿಗೂ ಏನೂ ಪ್ರಯೋಜನ ಆಗಲಿಲ್ಲ. ಹುಡುಗಿ ಪೆನ್ನು ಹಿಡಿದು, ಆ ಉಳಿದ ಸಂಬಳವನ್ನು ಎಲ್ಲಿ ಬರೆಯಲಿ ಎಂಬಂತೆ ನನ್ನ ಮುಖ ನೋಡಿದಳು. "ಲಾಭಕ್ಕೇ ಸೇರಿಸು" ಎಂದೆ.