ನೇರಳೆ ಮರಕ್ಕೆ ಕಟ್ಟಿದ ಬಲೆ

ಈ ವರ್ಷ ಮೊದಲ ಮಳೆ ಬಿದ್ದಾಗ ನನ್ನ ಬಲೆಯನ್ನು ಒಯ್ದು ಕೆರೆಯ ಒಡ್ಡಿನ ಮೇಲಿನ ನೇರಳೆ ಮರಕ್ಕೆ ಕಟ್ಟಿದೆ. ಕಟ್ಟಿದವ ನಾನೊಬ್ಬನೇ. ನೋಡಿದವರು ನಕ್ಕರು. ನಗಲಿ. ನನಗೆ ಸಿಟ್ಟು ಬಂದದ್ದು ನಗುವಿಗಲ್ಲ.

ನಮ್ಮ ಕೆರೆ ಖಾನಾಪುರದಿಂದ ಹಲಸಿ ಕಡೆ ಹೋಗುವ ದಾರಿಯಿಂದ ತುಸು ಒಳಗಿದೆ. ನಾನೀಗ ಇರುವುದು ಬೆಳಗಾವಿಯ ಅನಗೋಳದಲ್ಲಿ, ಮೀನು ಮಾರುವುದು ಖಾಸಬಾಗದಲ್ಲಿ. ಬಲೆ ಬೀಸುವುದು ಮಾತ್ರ ಇವತ್ತಿಗೂ ಆ ಕೆರೆಯಲ್ಲೇ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವ ನಾನು. ಅಂದಿನಿಂದ ಯಾರ ಮುಂದೂ ಕೈ ಚಾಚಿಲ್ಲ. ಬಲೆ ನಾನೇ ಹೆಣೆದದ್ದು, ಮನೆಯ ಗೋಡೆ ನಾನೇ ಕಟ್ಟಿದ್ದು. ಕೆರೆ ಕೆಡಿಸಿದ್ದರಲ್ಲೂ ನನ್ನ ಕೈ ಇದೆ. ಅದನ್ನೂ ಹೇಳುತ್ತೇನೆ.

ಹೊಸ ಮಳೆಗೆ ಹಳ್ಳ ಕೆಂಪಾಗಿ ಹರಿದು ಕೆರೆ ಸೇರಿದಾಗ ಗೆಂಡೆ ಮೀನು ಹೊಟ್ಟೆ ತುಂಬ ತತ್ತಿ ಇಟ್ಟುಕೊಂಡು ಆ ನೀರಿಗೆ ಎದುರಾಗಿ ಹತ್ತುತ್ತದೆ. ಮೇಲಿನ ಗದ್ದೆಗಳ ಹುಲ್ಲಿನಲ್ಲಿ ತತ್ತಿ ಇಡುತ್ತದೆ. ಅದು ಹತ್ತುವ ಎಂಟು ದಿವಸ ನಮ್ಮ ಪ್ರತಿ ಮನೆಯ ಬಲೆಯೂ ನೇರಳೆ ಮರದ ಮೇಲೆ. ನೀರು ತಿಳಿಯಾದ ಮೇಲೆಯೇ ಬಿಚ್ಚುವುದು. ಕಾವಲಿರಲಿಲ್ಲ, ದಂಡವಿರಲಿಲ್ಲ. ಯಾರ ಬಲೆ ಮರದ ಮೇಲಿಲ್ಲವೋ ಅದು ಊರಿಗೆಲ್ಲ ಕಾಣುತ್ತಿತ್ತು, ಅಷ್ಟೇ ಸಾಕಿತ್ತು. ಅಪ್ಪ ಹೆಣೆದ ಬಲೆಯ ಕಣ್ಣಿನಲ್ಲಿ ನನ್ನ ಮೂರು ಬೆರಳು ಸಲೀಸಾಗಿ ಹೋಗುತ್ತಿದ್ದವು. "ಸಣ್ಣವು ಹೋಗ್ಲಿ ಬಿಡ, ನಾಳೆ ನಮ್ಮನ್ನ ಹುಡಿಕ್ಕೋಂತ ಬರ್ತಾವ" ಅನ್ನುತ್ತಿದ್ದ.

ಆಮೇಲೆ ಪೇಟೆಯಿಂದ ಸೊಳ್ಳೆ ಪರದೆಯಂಥ ಬಲೆ ಬಂತು. ಬೆರಳಲ್ಲ, ಜೋಳದ ಕಾಳೂ ದಾಟದ ಕಣ್ಣು. ಎಲ್ಲರೂ ತಂದರು, ನಾನೂ ತಂದೆ. ಮರಿಗಳನ್ನು ಬುಟ್ಟಿಗಟ್ಟಲೆ ಬಾಚಿ ಒಣಗಿಸಿ ಮಾರಿದೆವು. ಕೆಲವೇ ವರ್ಷಗಳಲ್ಲಿ ಬಲೆ ಬರಿದಾಗಿ ಬರತೊಡಗಿತು. ಆಗ ನನಗೊಂದು ಜಾಣತನ ಹೊಳೆಯಿತು. ಎರಡು ಡಬ್ಬಿ ತುಂಬ ಜಿಲೇಬಿ ಮೀನಿನ ಮರಿ ಬೆಳಗಾವಿಯಿಂದ ಬಸ್ಸಿನಲ್ಲಿ ತಂದೆ. ದಾರಿಯುದ್ದಕ್ಕೂ ಕೈಯಿಂದ ನೀರು ಕಲಕುತ್ತ ಬಂದೆ, ಮರಿಗಳಿಗೆ ಉಸಿರು ಕಟ್ಟಬಾರದೆಂದು. ಊರಿನ ಮಾಸ್ತರು ಒಡ್ಡಿನ ಮೇಲೆ ನಿಂತು, "ಅವನ್ನ ಬಿಡಬ್ಯಾಡಪಾ. ಒಮ್ಮೆ ಬಿಟ್ಟ್ರ ತಿರುಗಿ ತಗ್ಯಾಕ ಬರೂದಿಲ್ಲ" ಅಂದರು.

ನಾನು ಎಲ್ಲರ ಎದುರಿಗೇ ಅಂದೆ: "ನೀವು ಪುಸ್ತಕದಾಗ ಮೀನ ನೋಡೀರಿ. ನಾ ನೀರಾಗ ನೋಡೀನಿ."

ಜನ ನಕ್ಕರು. ನನ್ನ ಚಿಗವ್ವನ ಮಗ ನನ್ನ ಕೊರಳಿಗೆ ಹಾರ ಹಾಕಿದ. ಜಿಲೇಬಿ ಬೆಳೆಯಿತು, ಬಲೆ ತುಂಬಿತು. ಅದಕ್ಕೆ ಮಳೆಯೂ ಬೇಡ, ಹಳ್ಳವೂ ಬೇಡ, ವರ್ಷವಿಡೀ ಮರಿ. ಹಾಗಾದರೆ ಎಂಟು ದಿವಸ ಬಲೆ ಯಾಕೆ ಕಟ್ಟಬೇಕು ಅಂದರು. ಮರ ಖಾಲಿಯಾಯಿತು. ಜಿಲೇಬಿ ಉಳಿದ ಮೀನುಗಳ ತತ್ತಿಯನ್ನೂ ಮರಿಯನ್ನೂ ತಿಂದಿತು. ಮುರ್ಲ ಮೀನು ಹೋಯಿತು, ಚೇಳುಮೀನು ಹೋಯಿತು, ಗೆಂಡೆ ವರ್ಷಕ್ಕೆ ಒಂದೆರಡು. ಮೇಲಿನ ಗದ್ದೆಗಳಲ್ಲಿ ಅರ್ಧ ಫಾರ್ಮ್‌ಹೌಸುಗಳ ಹುಲ್ಲುಹಾಸಾಗಿವೆ. ರವಿವಾರ ಕಾರಿನಲ್ಲಿ ಬರುವವರು ಕೆರೆಯ ದಂಡೆಗೆ ಬಾಟ್ಲಿ ಒಗೆದು ಹೋಗುತ್ತಾರೆ. ಅವರನ್ನು ಬೈಯಬಹುದು, ಬಾಯಿ ತುಂಬ ಬೈದಿದ್ದೇನೆ. ಆದರೆ ಡಬ್ಬಿ ಹೊತ್ತು ತಂದವರು ಅವರಲ್ಲ.

ಹೋದ ಚಳಿಗಾಲದಲ್ಲಿ ನನ್ನ ಬಲೆಗೆ ಒಂದೂ ಗೆಂಡೆ ಬರಲಿಲ್ಲ. ಅಪ್ಪನ ಕಾಲದ ಮೀನು ನನ್ನ ಕೈಯಲ್ಲೇ ಮುಗಿಯುತ್ತದೆ ಅನ್ನಿಸಿ ನಿದ್ದೆ ಬರಲಿಲ್ಲ. ಅದಕ್ಕೇ ಈ ಸಲ ಬಲೆ ಕಟ್ಟಿದ್ದು. ಕಟ್ಟಿ ಹಳ್ಳದ ಬಾಯಿಗೆ ಬಂದರೆ ಅದೇ ಚಿಗವ್ವನ ಮಗ ಸಣ್ಣ ಕಣ್ಣಿನ ಬಲೆಯನ್ನು ಈ ದಂಡೆಯಿಂದ ಆ ದಂಡೆಗೆ ಬಿಗಿದು ಕುಂತಿದ್ದ.

"ಅಣ್ಣಾ, ಮಳ್ಯಾಗ ಬಲಿ ಒಣಗಾಕ ಹಾಕೀ ಏನ?"

"ನೀನೂ ಬಿಚ್ಚ ಆ ಪರದಾ. ಗೆಂಡಿ ಹತ್ತಲಿ."

"ಯಾವ ಗೆಂಡಿ? ಕನಸಿನ್ಯಾಗ ಬಂದಿತ್ತೇನ?"

"ಹಲ್ಲ ಕಿಸೀಬ್ಯಾಡ. ಕೆರಿ ಹಾಳ ಮಾಡೀರಿ ನೀವೆಲ್ಲಾ."

"ನಾವು? ಡಬ್ಬಿ ಹೊತ್ತಗೊಂಡ ಬಂದಾಂವ ಯಾರ? ಹಾರ ಹಾಕಿದಾಂವ ನಾನ ಅದೀನಿ, ಮರ್ತಿಲ್ಲ."

ಅವನ ಕಪಾಳಕ್ಕೆ ಹೊಡೆಯಬೇಕೆಂದು ಕೈ ಎದ್ದಿತ್ತು. ಖರೇ ಹೇಳಿದವನನ್ನು ಹೊಡೆಯುವುದು ಹೇಗೆ? ಕೈ ಇಳಿಸಿದೆ.

ಅವನೇ ಅಂದ: "ಸಂಜಿಮುಂದ ಎತ್ತತೀನಿ. ತತ್ತಿ ಇದ್ದ ಒಂದ ಗೆಂಡಿ ಬರ್ಲಿ, ನಾನೂ ಮರಕ್ಕ ಕಟ್ಟತೀನಿ. ಬರ್ಲಿಲ್ಲಂದ್ರ ಬಾಯಿ ಮುಚಗೊಂಡ ಅನಗೋಳಕ್ಕ ಹೋಗ."

ಮಳೆಯಲ್ಲಿ ಗೋಣಿಚೀಲ ಹೊದ್ದು ಇಬ್ಬರೂ ಕುಂತೆವು. ಸಂಜೆ ಬಲೆ ಎತ್ತಿದೆವು. ಜಿಲೇಬಿ, ಜಿಲೇಬಿ, ಬರೀ ಜಿಲೇಬಿ. ಅದು ಮರಿಗಳನ್ನು ಬಾಯಲ್ಲಿಟ್ಟು ಸಾಕುವ ಜಾತಿ. ನೀರಿನಿಂದ ಎತ್ತುತ್ತಲೇ ಒಂದೊಂದೂ ಬಾಯಿಂದ ಮರಿ ಉಗುಳತೊಡಗಿತು. ನನ್ನ ಮುಖಕ್ಕೇ ಉಗುಳಿದಂತಾಯಿತು.

ಬಲೆಯ ಮೂಲೆಯಲ್ಲಿ ಏನೋ ಹೊಳೆಯಿತು. ಗೆಂಡೆ. ಅಂಗೈಯುದ್ದ, ಹೊಟ್ಟೆ ಬಿರಿಯುವಂತೆ ತತ್ತಿ. ಅವನು ಎರಡೂ ಕೈಯಲ್ಲಿ ಹಿಡಿದು ನನ್ನತ್ತ ಚಾಚಿದ.

"ಹಿಡಿ. ಹೆಣ್ಣ ಸಿಕ್ತು. ಗಂಡ ಎಲ್ಲಿಂದ ತರ್ತೀ?"

ಬಲೆಯ ಮೇಲ್ಬದಿಯ ನೀರಿಗೆ ಅದನ್ನು ಬಿಟ್ಟೆ. ಒಮ್ಮೆ ತಿರುಗಿತು, ಕೆಂಪು ನೀರಿನಲ್ಲಿ ಕಾಣದಾಯಿತು.

ಮಾತಿನ ಪ್ರಕಾರ ಅವನು ಬಲೆ ಬಿಚ್ಚಿ ಸುತ್ತಿ ನೇರಳೆ ಮರಕ್ಕೆ ಕಟ್ಟಿದ. ಗಂಟು ಬಿಗಿಯುತ್ತ ಅಂದ: "ಎಂಟ ದಿವಸ. ಒಂಬತ್ತನೇದ್ದಕ್ಕ ನಾ ಹಾಕಾಂವ, ಹೇಳಿಲ್ಲ ಅನ್ನಬ್ಯಾಡ."

ರವಿವಾರ ಖಾಸಬಾಗದಲ್ಲಿ ಬುಟ್ಟಿ ಬೋರಲು ಹಾಕಿ ಕುಂತಿದ್ದೆ. ಮೀನಿನ ಕಿವಿರೆತ್ತಿ ನೋಡದೆ ಕೊಳ್ಳದ ಮುದುಕಿಯೊಬ್ಬಳು ನನ್ನ ಹಳೇ ಗಿರಾಕಿ. ಬಂದು ಕೇಳಿದಳು, "ಗೆಂಡಿ ಎಂದ ತರ್ತೀಯೋ ಮಾರಾಯಾ? ವರ್ಷದಿಂದ ನಾಳೆ ನಾಳೆ ಅಂತೀ."

ಇಷ್ಟು ದಿವಸ ಅವಳ ಮುಂದೆ ಫಾರ್ಮ್‌ಹೌಸಿನವರನ್ನು ಬೈದು ಅವಳನ್ನು ಸಾಗಹಾಕುತ್ತಿದ್ದೆ. ಅವತ್ತು ಬೈಗುಳ ಬರಲಿಲ್ಲ.

"ನಾವ ಹಿಡದ ಮುಗಿಸೇವಿ ಯವ್ವಾ. ಉಳಿದಿದ್ದನ್ನ ನಾ ತಂದ ಬಿಟ್ಟ ಮೀನ ಮುಗಿಸೇತಿ. ಇಂದ ಮೀನ ಇಲ್ಲ. ಬಲಿ ಗಿಡಕ್ಕ ಕಟ್ಟೇನಿ."

ಅವಳು ನನ್ನನ್ನೂ ಬೋರಲು ಬುಟ್ಟಿಯನ್ನೂ ನೋಡಿ, ಬಾಜು ಅಂಗಡಿಗೆ ಹೋಗಿ ಅರ್ಧ ಕಿಲೋ ಜಿಲೇಬಿ ಮೀನು ತೂಗಿಸಿದಳು.