ಹುಳುಮನೆಯಲ್ಲಿ ಒಂದು ಏರ್ ರೈಫಲ್

ಮೊಮ್ಮಗಳು ತನಗೊಂದು ಬಂದೂಕು ಬೇಕು ಎಂದಾಗ ಮೊದಲು ನಕ್ಕವಳು ನಾನೇ. ಕಾನ್ವೆಂಟಿನಲ್ಲಿ ನಮಗೆ ಕಸೂತಿ ಸೂಜಿ ಹಿಡಿಯುವುದನ್ನು ಕಲಿಸಿದ್ದರು, ಪಿಯಾನೋ ಮುಂದೆ ಬೆನ್ನು ನೆಟ್ಟಗಿಟ್ಟು ಕೂರುವುದನ್ನು ಕಲಿಸಿದ್ದರು. ಬಂದೂಕು ಸಿಲಬಸ್ಸಿನಲ್ಲಿ ಇರಲಿಲ್ಲ. ಮದುವೆಯಾಗಿ ರಾಮನಗರದ ಪಕ್ಕದ ಈ ಹಿಪ್ಪುನೇರಳೆ ತೋಟಕ್ಕೆ ಬಂದ ಮೇಲೂ ನಾನು ಹಿಡಿದ ಆಯುಧವೆಂದರೆ ಸೊಪ್ಪು ಕೊಯ್ಯುವ ಕುಡುಗೋಲು, ಅದೂ ಅಪರೂಪಕ್ಕೆ.

ಹುಡುಗಿ ಆಗ ಒಂಬತ್ತನೇ ಕ್ಲಾಸು. ಶಾಲೆಯವರು ಒಮ್ಮೆ ಮಕ್ಕಳನ್ನೆಲ್ಲ ರೈಫಲ್ ಕ್ಲಬ್ಬಿಗೆ ಕರೆದುಕೊಂಡು ಹೋಗಿದ್ದರು. ಅಲ್ಲಿಂದ ಬಂದವಳು ಊಟದ ತಟ್ಟೆಯ ಮುಂದೆಯೂ ಒಂದು ಕಣ್ಣು ಕಿರಿದು ಮಾಡಿಕೊಂಡು ಕೂರತೊಡಗಿದಳು. ದಸರಾ ಕಳೆದ ಮೇಲೆ ಕ್ಲಬ್ಬಿನಲ್ಲಿ ಟ್ರಯಲ್ ಇತ್ತು. ಆರಿಸಿಕೊಂಡ ಮಕ್ಕಳಿಗೆ ಸ್ಪರ್ಧೆಗೆಂದೇ ಮಾಡಿದ ಕ್ಲಬ್ಬಿನದೇ ಮ್ಯಾಚ್ ರೈಫಲ್ ಕೊಟ್ಟು ಕಲಿಸುತ್ತಾರಂತೆ. ಆದರೆ ಟ್ರಯಲ್‌ಗೆ ಮಾತ್ರ ಎಲ್ಲರೂ ಅಂಗಡಿಯಲ್ಲಿ ಸಿಗುವ ಸಾಧಾರಣ ಏರ್ ರೈಫಲ್ ತಾವೇ ತರಬೇಕು.

ನನ್ನ ಮಗ, ಅಂದರೆ ಅವಳ ಅಪ್ಪ, ಒಂದೇ ಮಾತು ಹೇಳಿದ. "ಸೆಲೆಕ್ಟ್ ಆದ್ರೆ ಆಯ್ತು. ಆಗ್ಲಿಲ್ಲ ಅಂದ್ರೆ ಬಂದೂಕು ಅಟ್ಟಕ್ಕೆ, ನೀನು ಪುಸ್ತಕಕ್ಕೆ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ ಐತೆ, ತಿಳ್ಕೊ."

"ಹೂಂ ಅಪ್ಪ," ಎಂದಳು. ಅಷ್ಟು ಬೇಗ ಒಪ್ಪಿದ್ದು ನೋಡಿ ನನಗೆ ಭಯವಾಯಿತು. ಅವಳಿಗೆ ಸೋಲುವ ಯೋಚನೆಯೇ ಇರಲಿಲ್ಲ.

ಅಂಗಡಿಗೆ ಮೂವರೂ ಹೋದೆವು. ಈ ಬಗೆಯ ಕಡಿಮೆ ಶಕ್ತಿಯ ರೈಫಲ್ಲಿಗೆ ಲೈಸೆನ್ಸ್ ಬೇಡವೆಂದು ಕ್ಲಬ್ಬಿನ ಕೋಚ್ ಮೊದಲೇ ಹೇಳಿದ್ದರು. ನಳಿಗೆಯನ್ನು ಮಡಿಸಿದರೆ ಒಳಗಿನ ಸ್ಪ್ರಿಂಗ್ ಬಿಗಿಯುತ್ತದೆ, ಟ್ರಿಗರ್ ಎಳೆದರೆ ಆ ಸ್ಪ್ರಿಂಗ್ ಗಾಳಿಯನ್ನು ತಳ್ಳುತ್ತದೆ, ಗಾಳಿ ಸೀಸದ ಪುಟ್ಟ ಪೆಲೆಟ್ಟನ್ನು ತಳ್ಳುತ್ತದೆ, ಇಷ್ಟೇ ಅದರ ಸಂಸಾರ. ಅಂಗಡಿಯವನು ಮೇಲೆ ದುರ್ಬೀನು ಕೂರಿಸಿದ, ಕಪ್ಪಗೆ ಮಿರಿಮಿರಿ ಮಿಂಚುವ ಒಂದನ್ನು ತಂದು ಮಗನ ಕೈಗಿಟ್ಟ. "ಸಾರ್, ಇದು ಫುಲ್ ಪವರ್. ಶೋಕೇಸಲ್ಲಿಟ್ರೂ ಲುಕ್ ಬತ್ತದೆ." ಮಗನ ಮುಖ ಅರಳಿತು. ಗಂಡಸರೇ ಹಾಗೆ.

ಹುಡುಗಿ ಅದನ್ನು ಮುಟ್ಟಲೂ ಇಲ್ಲ. ಮೂಲೆಯಲ್ಲಿ ಒರಗಿಸಿದ್ದ ಸಾದಾ ಮರದ ಹಿಡಿಯ ಒಂದೇ ಮಾಡೆಲ್ಲಿನ ರೈಫಲ್ಲುಗಳನ್ನು ಒಂದೊಂದಾಗಿ ತೆಗೆದಳು. ಕಣ್ಣು ಮುಚ್ಚಿ ಭುಜಕ್ಕೇರಿಸುವುದು, ಕೆನ್ನೆ ಒರಗಿಸುವುದು, ಆಮೇಲೆ ಕಣ್ಣು ಬಿಟ್ಟು ಗುರಿ ಕಾಣುವ ಕಿಂಡಿ ತಾನಾಗಿ ಕಣ್ಣಿನ ಮುಂದೆ ಬಂದಿದೆಯೇ ನೋಡುವುದು. ಆಮೇಲೆ ಅಂಗಡಿಯವನನ್ನು ಕೇಳಿ ಖಾಲಿ ರೈಫಲ್ಲಿನ ಟ್ರಿಗರ್ ಮೇಲೆ ಬೆರಳಿಟ್ಟು ಅದರ ಬಿಗಿ ನೋಡುವುದು.

"ಎಲ್ಲಾ ಒಂದೇ ಫ್ಯಾಕ್ಟರಿ ಮಾಲು ಕಣಮ್ಮ, ಯಾವ್ದಾದ್ರೂ ತಗೊ," ಎಂದ ಅಂಗಡಿಯವನು.

"ಒಂದೇ ಅಲ್ಲ ಅಂಕಲ್. ಇದು ಜಗ್ಗುತ್ತೆ, ಇದು ತಡವರಿಸುತ್ತೆ. ಇದು ಮಾತ್ರ ಸುಮ್ನೆ ಬರುತ್ತೆ."

ಒಂದೇ ಮೊಟ್ಟೆಹಾಳೆಯಿಂದ ಬಂದ ರೇಷ್ಮೆ ಹುಳುಗಳು ಕಟ್ಟಿದ ಗೂಡುಗಳೂ ಒಂದೊಂದೂ ಬೇರೆ ಇರುವುದನ್ನು ನಾನು ಎಷ್ಟು ವರ್ಷ ನೋಡಿದ್ದೆ. ಕಬ್ಬಿಣಕ್ಕೂ ಅದೇ ನ್ಯಾಯ ಎಂದು ಹೊಳೆದದ್ದು ಅವತ್ತು. ಹೌ ಸ್ಟ್ರೇಂಜ್ ಆಂಡ್ ಹೌ ಲವ್ಲಿ, ಎಂದುಕೊಂಡೆ.

ಅದನ್ನೇ ಮನೆಗೆ ತಂದ ಮೇಲೆ ರಿಪೇರಿ ಶುರುವಾಯಿತು. ಹೊಸ ವಸ್ತುವಿಗೆ ರಿಪೇರಿಯೇ ಎಂದು ಮಗ ಗೊಣಗಿದ, ಆದರೆ ಗರಗಸ ತಂದವನೂ ಅವನೇ. ಹಿಡಿ ಅವಳ ತೋಳಿಗೆ ಉದ್ದವಾಗಿತ್ತು. ಹಿಂಬದಿಯಿಂದ ಒಂದು ಬಿಲ್ಲೆಯಷ್ಟು ಮರ ಕೊಯ್ದು, ರಬ್ಬರಿನ ತುಂಡು ಅಂಟಿಸಿದ. ಸಡಿಲವಿದ್ದ ಸ್ಕ್ರೂಗಳನ್ನು ಬಿಗಿ ಮಾಡಿದ. ಹಿಂದಿನ ಕಿಂಡಿ ತೆಗೆದು, ಸಣ್ಣ ತೂತಿನ ಮೂಲಕ ನೋಡುವಂಥದನ್ನು ಕೂರಿಸಿದರು. ಉಳಿದದ್ದು ಕೆನ್ನೆಯ ಆಸರೆ. ಅವಳ ಕೆನ್ನೆ ಮರಕ್ಕೆ ತಾಗುವಷ್ಟರಲ್ಲಿ ಕಣ್ಣು ತೂತಿನಿಂದ ಕೆಳಗಿಳಿದಿರುತ್ತಿತ್ತು.

ಅದಕ್ಕೆ ಚನ್ನಪಟ್ಟಣಕ್ಕೆ ಹೋದೆವು. ನಮ್ಮ ಮನೆಯ ಮಕ್ಕಳಿಗೆಲ್ಲ ಬೊಂಬೆ, ಬುಗುರಿ ಮಾಡಿಕೊಟ್ಟ ಸಾಹೇಬರೊಬ್ಬರಿದ್ದಾರೆ. ಕೈಯಷ್ಟೇ ಬಾಯಿಯೂ ಚುರುಕು.

"ಅಮ್ಮಾ, ನಮ್ ಲೇತಿಗೆ ಗುಂಡಗಿರೋದು ಮಾತ್ರ ಗೊತ್ತು. ಚಪ್ಪಟೆ ಬೇಕಂದ್ರೆ ಬಡಗಿ ಹತ್ರ ಹೋಗಿ. ನಾನು ಬಡಗಿ ಅಲ್ಲ, ಆರ್ಟಿಸ್ಟು."

"ಗುಂಡಗೇ ಮಾಡಿ ಮಾಮಾ, ಮೊಟ್ಟೆ ಥರ," ಎಂದಳು ಹುಡುಗಿ. "ಆಮೇಲೆ ಉದ್ದುದ್ದ ಸೀಳಿಬಿಡಿ. ಅರ್ಧ ನಂಗೆ ಸಾಕು."

"ಸೀಳೋದಾ? ಅರೆ! ನಲವತ್ತು ವರ್ಷದಿಂದ ಕೂಡ್ಸಿದೀನಿ ಬೇಟಿ, ಸೀಳಿಲ್ಲ."

ಬೈದುಕೊಂಡೇ ಹಾಲೆ ಮರದ ತುಂಡನ್ನು ಲೇತಿಗೆ ಸಿಕ್ಕಿಸಿದರು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಅದು ಕರಗಿ ಕೆಂಪು ಹೊಳಪು ಹರಡುವುದನ್ನು ಎಷ್ಟು ಸಲ ನೋಡಿದರೂ ನನಗೆ ಉಸಿರು ನಿಲ್ಲುತ್ತದೆ. ತಾಳೆಗರಿಯಿಂದ ಉಜ್ಜಿ, ಕನ್ನಡಿಯಂತೆ ಮಾಡಿ, ಕಣ್ಣು ಬೇರೆ ಕಡೆ ತಿರುಗಿಸಿಕೊಂಡು ಸೀಳಿಕೊಟ್ಟರು. ಮನೆಗೆ ಬಂದು ಕೂರಿಸಿ ನೋಡಿದರೆ ಬೆವರಿಗೆ ಕೆನ್ನೆ ಜಾರುತ್ತದೆ. ಆ ಚೆಂದದ ಬಣ್ಣವನ್ನೆಲ್ಲ ಹುಡುಗಿ ಉಪ್ಪುಕಾಗದ ಹಾಕಿ ಉಜ್ಜಿಬಿಟ್ಟಳು. ಸಾಹೇಬರಿಗೆ ಅದನ್ನು ಇವತ್ತಿಗೂ ಹೇಳಿಲ್ಲ.

ಅಭ್ಯಾಸಕ್ಕೆ ಜಾಗವೆಂದರೆ ಹುಳುಮನೆ, ನಮ್ಮ ರೇಷ್ಮೆ ಹುಳು ಸಾಕುವ ಉದ್ದನೆಯ ಶೆಡ್ಡು. ಆ ಬೆಳೆಯ ಗೂಡು ಮಾರ್ಕೆಟ್ಟಿಗೆ ಹೋಗಿ, ಶೆಡ್ಡು ತೊಳೆದು ಖಾಲಿ ಬಿಟ್ಟಿದ್ದೆವು. ಒಂದು ತುದಿಗೆ ಹಳೇ ಗೋಣಿಚೀಲ ತುಂಬಿದ ದಪ್ಪ ಹಲಗೆಯ ಪೆಟ್ಟಿಗೆ, ಅದರ ಮೇಲೆ ಗುರಿಯ ಕಾಗದ. ಅವಳು ನಿಂತಾಗ ಯಾರೂ ಅವಳಿಗಿಂತ ಮುಂದೆ ಹೋಗುವಂತಿಲ್ಲ, ಬಾಗಿಲಿಗೆ ಚಿಲಕ.

ನಾನು ಹಿಂದೆ ಸ್ಟೂಲ್ ಹಾಕಿಕೊಂಡು ಕೂತು ನೋಡುತ್ತಿದ್ದೆ. ಮನೆಯಲ್ಲಿ ಒಂದು ನಿಮಿಷ ನೆಟ್ಟಗೆ ಕೂರದ ಮಗು ಅದು. ರೇಷ್ಮೆ ಹುಳು ಪೊರೆ ಬಿಡುವ ಮೊದಲು ಜ್ವರಕ್ಕೆ ಕೂರುತ್ತದೆ ಎನ್ನುತ್ತಾರೆ ನಮ್ಮಲ್ಲಿ. ಸೊಪ್ಪು ಮುಟ್ಟದು, ತಲೆ ಎತ್ತಿ ಹಾಗೇ ನಿಲ್ಲುತ್ತದೆ; ಇಡೀ ಶೆಡ್ಡಿನ ಮಳೆಯಂಥ ಮೇಯುವ ಸದ್ದು ನಿಂತುಹೋಗುತ್ತದೆ. ರೈಫಲ್ ಎತ್ತಿದ ಹುಡುಗಿ ಹಾಗೆ ನಿಲ್ಲುತ್ತಿದ್ದಳು. ಅರ್ಧ ಉಸಿರು ಬಿಟ್ಟು, ಉಳಿದರ್ಧ ಒಳಗೇ ಇಟ್ಟುಕೊಂಡು. ಕಾನ್ವೆಂಟಿನ ಚಾಪೆಲ್ಲಿನಲ್ಲೂ ನಾನು ಅಂಥ ಸೈಲೆನ್ಸ್ ಕಂಡಿರಲಿಲ್ಲ. ಆಮೇಲೆ ಒಂದು "ಟಪ್". ಬಂದೂಕು ಅವಳ ಕೈಯಲ್ಲಿ ಹಗುರಾಗಿ ಹಾರಿ ಕೂರುತ್ತಿತ್ತು. ಬಿಗಿ ಹಿಡಿದರೆ ಗುರಿ ಕೆಡುತ್ತದಂತೆ, ಹಕ್ಕಿಮರಿಯಂತೆ ಹಿಡಿಯಬೇಕಂತೆ.

ದಸರಾಕ್ಕೆ ನಾದಿನಿ ಬಂದಳು, ಕೋಡಿಹಳ್ಳಿಯಿಂದ. ನನ್ನ ಯಜಮಾನರ ತಂಗಿ. ದನ, ಹೊಲ, ಉಳುಮೆ ಎಲ್ಲ ಅವಳ ಕೈಯಲ್ಲೇ.

"ಅತ್ಗೆ, ಹೆಣ್ಮಗೀಗೆ ಬಂದೂಕ ಕೊಡ್ಸಿದ್ದೀರಲ್ಲ, ನಾಳಿಕೆ ಗಂಡನ್ನ ಸುಡ್ತಾಳೆ ಅಷ್ಟೆಯಾ."

"ಕಾಗದ ಸುಡ್ತಾಳೆ ಕಣೇ. ಜಸ್ಟ್ ಪೇಪರ್."

ನಕ್ಕಳೇನೋ, ಆದರೆ ಒಂದು ಮಧ್ಯಾಹ್ನ ಹುಳುಮನೆಗೆ ಬಂದು ನೋಡಿದ ಮೇಲೆ ಅವಳೂ ಮೆತ್ತಗಾದಳು. ಮರುದಿನದಿಂದ ಪೆಲೆಟ್ಟುಗಳನ್ನು ಮೊರಕ್ಕೆ ಸುರಿದುಕೊಂಡು, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ, ಅಂಚು ನಜ್ಜಾದವನ್ನು ಆರಿಸಿ ಎಸೆಯತೊಡಗಿದಳು. "ಇದ್ಕೆ ಮೂಗು ಸೊಟ್ಟಗೈತೆ," ಎಂದು ಒಂದೊಂದಕ್ಕೂ ಬೈಗುಳ.

ಆಯುಧ ಪೂಜೆಯ ದಿನ ಎಲ್ಲವನ್ನೂ ತೊಳೆದು ಸಾಲಾಗಿ ಇಟ್ಟಿದ್ದೆವು: ಕುಡುಗೋಲು, ಸ್ಪ್ರೇಯರ್, ಮಗನ ಸ್ಕೂಟರ್, ಕೊನೆಗೆ ರೈಫಲ್. ನಾದಿನಿ ಅದಕ್ಕೆ ಮೂರು ಬೆರಳಿನ ವಿಭೂತಿ ಎಳೆದು, ಕುಂಕುಮ ಇಟ್ಟು, ಹೂ ಮುಡಿಸಿದಳು. ನೋಡಲು ಚೆನ್ನಾಗಿತ್ತು, ನಾವೆಲ್ಲ ಕೈ ಮುಗಿದೆವು.

ಎರಡು ದಿನ ಬಿಟ್ಟು ಹುಡುಗಿ ಮತ್ತೆ ಅಭ್ಯಾಸಕ್ಕೆ ನಿಂತು ಮೊದಲ ಗುಂಡು ಹಾರಿಸಿದಾಗ ಬಂದದ್ದು "ಟಪ್" ಅಲ್ಲ. ಸಿಡಿಲು! ನಳಿಗೆಯ ಬಾಯಿಂದ ಬಿಳೀ ಹೊಗೆ ಸುರುಳಿ ಸುರುಳಿಯಾಗಿ ಎದ್ದಿತು. ಶೆಡ್ಡಿನ ತುಂಬ ಸುಟ್ಟ ಹರಳೆಣ್ಣೆಯ ವಾಸನೆ.

ನಾದಿನಿ ಎರಡೂ ಕೈ ತಲೆ ಮೇಲಿಟ್ಟು ಮುಗಿದಳು. "ಶಿವಶಿವಾ! ದ್ಯಾವ್ರು ಬಂದ್ಬುಟ್ಟ ಅತ್ಗೆ, ಇದ್ರ ಮೈಮ್ಯಾಲೆ!"

ಸುಳ್ಳೇಕೆ, ನನ್ನ ಮೈಯೂ ಜುಮ್ಮೆಂದಿತ್ತು.

ಹುಡುಗಿ ಮಾತ್ರ ನಳಿಗೆ ಮಡಿಸಿ, ಒಳಗಿಂದ ಗಾಳಿ ಬರುವ ತೂತಿಗೆ ಬೆರಳಿಟ್ಟು, ಮೂಸಿ ನೋಡಿ, ನಾದಿನಿಯತ್ತ ತಿರುಗಿದಳು. "ಅಜ್ಜಿ, ಇದಕ್ಕೆ ಎಣ್ಣೆ ಹಾಕಿದ್ರಾ?"

"ಹಾಕ್ದೇ ಇರ್ತೀನಾ ಮಗ? ಕುಡ್ಲು, ಮಚ್ಚು ಎಲ್ಲಕ್ಕೂ ಸವರ್ದೆ. ಇದು ಹೊಸಾದು, ತುಕ್ಕಿಡೀಬಾರ್ದು ಅಂತ ಒಳೀಕೆ ಒಸಿ ಜಾಸ್ತೀನೇ ಬುಟ್ಟೆ."

ಒಳಗೆ ಸೇರಿದ ಎಣ್ಣೆ ಗಾಳಿಯ ಒತ್ತಡಕ್ಕೆ ಹೊತ್ತಿಕೊಂಡು ಸಿಡಿಯುತ್ತಿತ್ತು. ಒಂದು ಪೆಲೆಟ್ ಮೇಲಕ್ಕೆ, ಮುಂದಿನದು ಇನ್ನೂ ಮೇಲಕ್ಕೆ. ಟ್ರಯಲ್ ಮುಂದಿನ ಭಾನುವಾರ. ಕೋಚ್‌ಗೆ ಫೋನ್ ಮಾಡಿದರೆ, "ಬಿಚ್ಚೋಕೆ ಮಾತ್ರ ಹೋಗ್ಬೇಡಿ, ಸ್ಪ್ರಿಂಗ್ ಮುಖಕ್ಕೆ ಹಾರುತ್ತೆ. ನಳಿಗೆ ಒರೆಸಿ, ತಲೆಕೆಳಗಾಗಿ ಒರಗಿಸಿಡಿ. ಉಳಿದಿದ್ದು ಹೊಡೀತಾ ಹೊಡೀತಾ ಉರಿದು ಹೋಗ್ಬೇಕು," ಎಂದರು.

ನಾದಿನಿ ಸೆರಗು ಬಾಯಿಗಿಟ್ಟು ಮೂಲೆ ಸೇರಿದಳು. ಹುಡುಗಿ ಹೋಗಿ ಅವಳ ಪಕ್ಕ ಕೂತು, "ಪೆಲೆಟ್ ಆರಿಸಿಕೊಡಿ ಅಜ್ಜಿ, ತುಂಬಾ ಬೇಕು," ಎಂದಳು. ಒಂದು ಗಡಸು ಮಾತಿಲ್ಲ. ಈ ಗ್ರೇಸ್ ಯಾವ ಸ್ಕೂಲಿನಲ್ಲಿ ಕಲಿತಳೋ.

ಆ ವಾರವೆಲ್ಲ ಶಾಲೆ ಬಿಟ್ಟು ಬಂದವಳು ಹೊಡೆದಳು. ಪ್ರತಿ ಗುಂಡಿನ ನಂತರ ಅವಳು ರೈಫಲ್ ಕೆಳಗಿಟ್ಟ ಮೇಲೆ ಮಗ ನಡೆದುಹೋಗಿ ತೂತು ಎಲ್ಲಿ ಬಿದ್ದಿದೆ ಎಂದು ಕೂಗುತ್ತಿದ್ದ. ಹೊಗೆ ತೆಳುವಾಗುತ್ತ ಬಂತು. ಶನಿವಾರ ಗುಂಡುಗಳು ಒಂದೇ ಕಡೆ, ಆದರೆ ಮೇಲೆ ಬೀಳುತ್ತಿದ್ದವು. ಅದಕ್ಕೆ ಸರಿಯಾಗಿ ಸೈಟನ್ನು, ಅಂದರೆ ಹಿಂದಿನ ಕಿಂಡಿಯನ್ನು, ಕೆಳಗಿಳಿಸಿ, ಸ್ಕ್ರೂ ಬಿಗಿ ಮಾಡಿದರು.

ಭಾನುವಾರ ಕ್ಲಬ್ಬಿನಲ್ಲಿ ಅವಳ ಸರದಿ ಬಂತು. ಗುಂಡುಗಳೆಲ್ಲ ಮುಗಿಯುವವರೆಗೆ ಯಾರೂ ಕಾಗದ ನೋಡುವಂತಿಲ್ಲ, ದುರ್ಬೀನೂ ಇಲ್ಲ, ಅದು ಅಲ್ಲಿನ ನಿಯಮ. ಅವಳು ನಿಂತ ರೀತಿಗೆ ಪಕ್ಕದ ಮಕ್ಕಳ ತಾಯಂದಿರೂ ಮಾತು ನಿಲ್ಲಿಸಿದರು. ಹೊಗೆ ಬರಲಿಲ್ಲ. ಒಂದು ಎಳೆಯೂ ಇಲ್ಲ. ನಾನು ಖುಷಿಪಟ್ಟೆ. ಮಗ ಮಾತ್ರ ತುಟಿ ಕಚ್ಚಿಕೊಂಡ.

"ಎಣ್ಣೆ ಪೂರಾ ಮುಗಿದೋಗೈತೆ ಅಮ್ಮ," ಎಂದು ಪಿಸುಗುಟ್ಟಿದ. "ನಿನ್ನೆ ಎಣ್ಣೆ ಜೋರಿಗೆ ಸೈಟ್ ಇಟ್ಟಿದ್ವಿ. ಇವತ್ತು ಎಲ್ಲಾ ಕೆಳಗೆ ಬೀಳ್ತವೆ."

ಹಾಗೇ ಆಗಿತ್ತು. ಕಾಗದಗಳು ಬಂದಾಗ ಬೇರೆ ಮಕ್ಕಳ ಕಪ್ಪು ಚಕ್ರದ ಸುತ್ತ ಅಲ್ಲೊಂದು ಇಲ್ಲೊಂದು ತೂತು. ಅವಳ ಕಪ್ಪು ಚಕ್ರದ ನಡುವಿನಲ್ಲಿ ಒಂದೂ ಇಲ್ಲ. ಸ್ಕೋರು ಎಲ್ಲರಿಗಿಂತ ಕಡಿಮೆ. ಹುಡುಗಿ ಆ ಕಾಗದ ನೋಡಿ ರೈಫಲ್ಲಿನ ಚೀಲದ ಜಿಪ್ ಎಳೆಯತೊಡಗಿದಳು. ಅವಳ ಅಪ್ಪ ಅತ್ತ ನೋಡಲಾರದೆ ಕಿಟಕಿಯ ಕಡೆ ತಿರುಗಿದ.

ಕೋಚ್ ಕಾಗದವನ್ನು ಬೆಳಕಿಗೆ ಹಿಡಿದರು. ಚಕ್ರದ ಕೆಳಗೆ ಒಂದೇ ಒಂದು ಹರಿದ ರಂಧ್ರ. ಗುಂಡುಗಳೆಲ್ಲ ಒಂದರ ಮೈಮೇಲೆ ಒಂದು ಬಿದ್ದಿದ್ದವು. ಜೇಬಿನಿಂದ ಒಂದು ರೂಪಾಯಿ ತೆಗೆದು ಅದರ ಮೇಲಿಟ್ಟರು. ರಂಧ್ರ ಪೂರ್ತಿ ಮುಚ್ಚಿಹೋಯಿತು.

"ಗುರಿ ತಪ್ಪಿರೋದು ಸೈಟು. ಇವಳು ಒಂದು ಸಲಾನೂ ಅಲುಗಾಡಿಲ್ಲ," ಎಂದರು. "ಸೈಟು ನಾನು ತಿರುಗಿಸ್ತೀನಿ. ಹೀಗೆ ಅಲುಗದೆ ನಿಲ್ಲೋದನ್ನ ನಾನು ಕಲಿಸೋಕೆ ಆಗಲ್ಲ."

ಕ್ಲಬ್ಬಿನ ರೈಫಲ್ ತಂದು ಅವಳ ಕೈಗಿಟ್ಟರು. ಭಾರಕ್ಕೆ ತೋಳು ಒಮ್ಮೆ ಇಳಿಯಿತು, ಆಮೇಲೆ ಎತ್ತಿಕೊಂಡಳು. ನಾನು ಕಾಗದ ಈಸಿಕೊಂಡು ಆ ರಂಧ್ರದೊಳಗೆ ಕಿರುಬೆರಳು ತೂರಿಸಿದೆ. ಗಾಡ್, ವಾಟ್ ಎ ಚೈಲ್ಡ್.

ಮಗ ಕಿಟಕಿಯಿಂದ ಈಚೆ ತಿರುಗಿದ. ಕೋಚ್ ಹತ್ತಿರ ಹೋಗಿ, "ಸರ್, ಪ್ರಾಕ್ಟೀಸು ಎಷ್ಟೊತ್ತಿಗೆ? ನಾನೇ ಬಂದು ಬಿಟ್ಟೋಗ್ತೀನಿ," ಎಂದ.